ಚಕ್ಕುಲಿ ಡಬ್ಬಿಯ ತಳದಲ್ಲಿ

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಾವಿದ್ದ ಕಟ್ಟಡದಿಂದ ಯಾರು ಊರಿಗೆ ಹೊರಟರೂ ಮೊದಲು ಸೂಟ್‌ಕೇಸು ಎಳೆದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿ ಇದ್ದದ್ದು ನನ್ನ ಹತ್ತಿರ ಮಾತ್ರ. ಕೊಕ್ಕೆಗೆ ಸೂಟ್‌ಕೇಸು ಸಿಕ್ಕಿಸಿ, ಉಸಿರು ಬಿಗಿಹಿಡಿದು ಎತ್ತಿ, "ಇಪ್ಪತ್ತೊಂದೂವರೆ. ಹಾಲಿನ ಪುಡಿ ಡಬ್ಬ ತೆಗೀರಿ" ಎಂದು ತೀರ್ಪು ಕೊಡುತ್ತಿದ್ದೆ. ವೀಸಾ, ಲಗೇಜು, ವಿಮಾನ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಹೊರಡಬೇಕು, ಈ ಮೂರು ವಿಷಯಗಳಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನು ನಂಬಿದ್ದೆ, ಬೇರೆಯವರನ್ನೂ ನಂಬಿಸಿದ್ದೆ. ಎಲ್ಲ ಕಾಗದಕ್ಕೂ ಮೂರು ಪ್ರತಿ, ಎಲ್ಲ ಫೋನ್ ನಂಬರೂ ಮೂರು ಕಡೆ. ಯಾರಿಗೂ ಯಾವತ್ತೂ ತೊಂದರೆ ಕೊಡದ ಮನುಷ್ಯ ಎಂಬ ಹೆಮ್ಮೆ ಬೇರೆ. ಇಂಥ ನಾನು ಸೈಗಾನ್ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಇಲ್ಲದೆ ಬೆಪ್ಪನಂತೆ ನಿಂತೆ.

ವಿಯೆಟ್ನಾಮಿಗೆ ಹೋಗೋಣ ಎಂದದ್ದು ನನ್ನ ಹೆಂಡತಿ. ಪ್ರತಿ ವರ್ಷದ ರಜೆಯೂ ಮೈಸೂರಿನಲ್ಲಿ ಮದುವೆ, ನಾಮಕರಣ ಸುತ್ತಿ, ತಂದ ಸೆಂಟು ಯಾರಿಗೆ ಸಾಲಲಿಲ್ಲ ಎಂಬ ಮುನಿಸು ಕೇಳಿಸಿಕೊಳ್ಳುವುದರಲ್ಲೇ ಮುಗಿದುಹೋಗುತ್ತಿತ್ತು. "ಒಂದ್ಸಲ ನಮ್ಮನ್ನ ಯಾರೂ ಊಟಕ್ಕೆ ಕರೀದೇ ಇರೋ ಕಡೆ ಹೋಗೋಣ ರೀ" ಎಂದಳು. ಹತ್ತು ವರ್ಷದ ಮಗಳು ಸೋಫಾದ ಮೇಲೆ ಕುಣಿದಳು. ಮೈಸೂರಿನಲ್ಲಿದ್ದ ತಮ್ಮನಿಗೆ ಫೋನ್ ಮಾಡಿ ಹೇಳಿದರೆ, "ಅಲ್ಲೇನಣ್ಣ ಇದೆ? ಯುದ್ಧ ಮುಗೀತಾ ಅಲ್ಲಿ?" ಎಂದು ಕೇಳಿದ. ಅವನು ಮಗುವಾಗಿದ್ದಾಗಲೇ ಮುಗಿದಿದೆ ಎಂದೆ. ನನಗೂ ಮೈಸೂರು ತಪ್ಪಿದ್ದು ಒಳಗೊಳಗೇ ಸಮಾಧಾನವೇ ಆಗಿತ್ತು. ಅದಕ್ಕೆ ಕಾರಣ ಅಪ್ಪ, ಮತ್ತು ನನ್ನ ಪಾಸ್‌ಪೋರ್ಟು.

ನಮ್ಮ ಕಂಪನಿಯಲ್ಲಿ ನೌಕರರ ಪಾಸ್‌ಪೋರ್ಟ್ ನೌಕರರ ಕೈಯಲ್ಲಿ ಇರುತ್ತಿರಲಿಲ್ಲ. ಆಗ ಅದು ಅಲ್ಲಿ ಬಹಳ ಕಡೆ ಇದ್ದ ರೂಢಿ. ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಅವು ಸಾಲಾಗಿ ಮಲಗಿರುತ್ತಿದ್ದವು. ರಜೆ ಸಿಕ್ಕಾಗ ಫಾರಂಗೆ ಸಹಿ ಹಾಕಿ ಪಡೆಯಬೇಕು, ಬಂದ ಮರುದಿನವೇ ಹಿಂದಿರುಗಿಸಬೇಕು. ಕಪಾಟಿನ ಕೀಲಿ ಪಿಆರ್‌ಓ ಹತ್ತಿರ; ಎಂದರೆ ನಮ್ಮ ವೀಸಾ, ಲೇಬರ್ ಕಾರ್ಡುಗಳಿಗಾಗಿ ಸರ್ಕಾರಿ ಕಚೇರಿ ಸುತ್ತುವ ಮಂಗಳೂರಿನ ಸಹೋದ್ಯೋಗಿಯ ಹತ್ತಿರ. ಐದು ವರ್ಷದ ಹಿಂದೆ ಒಂದು ಗುರುವಾರ ಮಧ್ಯಾಹ್ನ ಅಪ್ಪ ಹೋದರೆಂದು ತಮ್ಮ ಫೋನ್ ಮಾಡಿದಾಗ, ಅರ್ಧ ದಿನದ ಕಚೇರಿ ಮುಚ್ಚಿ ಒಂದು ಗಂಟೆಯಾಗಿತ್ತು. ಪಿಆರ್‌ಓ ಕೀಲಿ ಜೇಬಿನಲ್ಲಿಟ್ಟುಕೊಂಡು ದೂರದ ಊರಾದ ಅಲ್ ಐನ್‌ನ ತಂಗಿಯ ಮನೆಗೆ ಹೋಗಿದ್ದರು. ಶುಕ್ರವಾರ ಅಲ್ಲಿ ವಾರದ ರಜೆ. ಶನಿವಾರ ಬೆಳಿಗ್ಗೆ ಕಪಾಟು ತೆರೆಯಿತು. ನಾನು ಮೈಸೂರು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಿರಿಯ ಮಗ ನಾನು, ಬೆಂಕಿ ಕೊಟ್ಟವನು ತಮ್ಮ.

ಹತ್ತನೆಯ ದಿನ ಪಿಂಡ ಇಟ್ಟು ಕಾದರೆ ಕಾಗೆ ಬಹಳ ಹೊತ್ತು ಬರಲಿಲ್ಲ. "ಏನೋ ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದಾರೆ" ಎಂದು ಯಾರೋ ಅಂದರು. ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ಸಿಕ್ಕಿದವರಿಗೆಲ್ಲ ನಾನು ಆ ಕಪಾಟಿನ ಕತೆ ಹೇಳುತ್ತಾ ಬಂದೆ. ಕೇಳಿದವರು "ಅಯ್ಯೋ, ಏನು ಕಂಪನಿಯಪ್ಪಾ!" ಎನ್ನುತ್ತಿದ್ದರು. ಅದನ್ನು ಕೇಳಿದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಹೀಗೆ ವರ್ಷಕ್ಕೆ ಹದಿನೈದು ಇಪ್ಪತ್ತು ದಿನ ಮಾತ್ರ ಕೈಗೆ ಬರುವ ಪಾಸ್‌ಪೋರ್ಟನ್ನು ಹೇಗೆ ಇಟ್ಟುಕೊಳ್ಳಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ. ಹೆಂಡತಿ, ಮಗಳ ಪಾಸ್‌ಪೋರ್ಟುಗಳು ಮನೆಯಲ್ಲೇ ಇರುತ್ತಿದ್ದವು, ಪ್ರವಾಸದಲ್ಲಿ ಅವಳ ಕೈಚೀಲದಲ್ಲಿ ಬಾಚಣಿಗೆಯ ಪಕ್ಕ. ಆ ಬಗ್ಗೆ ನಾನು ಅವಳಿಗೆ ದಿನಕ್ಕೊಂದು ಉಪನ್ಯಾಸ ಕೊಡುತ್ತಿದ್ದೆ. ಸೈಗಾನ್‌ನಲ್ಲಿ ಹೋಟೆಲಿನವರು ಎಲ್ಲರ ಪಾಸ್‌ಪೋರ್ಟ್ ಕೌಂಟರಿನಲ್ಲಿ ಇಟ್ಟುಕೊಂಡರು, ಅಲ್ಲಿ ಅದೇ ಪದ್ಧತಿಯಂತೆ. ನಾನು ಬೆಳಿಗ್ಗೆ ಸಂಜೆ ಹೋಗಿ "ಇದೆಯಾ?" ಎಂದು ಕೇಳಿ ಕೇಳಿ, ಎರಡನೆಯ ದಿನಕ್ಕೆ ಅವರೇ ಬೇಸತ್ತು ಮೂರನ್ನೂ ಕೈಗಿಟ್ಟರು. ಈಗ ಇನ್ನೊಂದು ಚಿಂತೆ. ಬೀದಿಯಲ್ಲಿ ಮೋಟರ್‌ಸೈಕಲ್ಲಿನವರು ಚೀಲ ಕಿತ್ತುಕೊಂಡು ಹೋಗುತ್ತಾರೆಂದು ಕೇಳಿದ್ದೆ. ಕೋಣೆಯಲ್ಲಿ ಲಾಕರ್ ಇರಲಿಲ್ಲ. ಆಗ ನನಗೆ ಹೊಳೆದದ್ದು ಚಕ್ಕುಲಿ ಡಬ್ಬಿ.

ಬೇರೆ ದೇಶದಲ್ಲಿ ಏನು ಸಿಗುತ್ತದೋ ಇಲ್ಲವೋ ಎಂದು ಹೆಂಡತಿ ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಯ ಜೊತೆ ಒಂದು ಸ್ಟೀಲ್ ಡಬ್ಬಿಯ ತುಂಬ ಚಕ್ಕುಲಿ ತಂದಿದ್ದಳು. ಅದರ ತಳದಲ್ಲಿ ಹಾಸಿದ್ದ ಹಳೆಯ ಪತ್ರಿಕೆಯನ್ನು ಎತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ನನ್ನ ಪಾಸ್‌ಪೋರ್ಟನ್ನು ಕೆಳಗೆ ಸೇರಿಸಿ, ಮೇಲೆ ಮತ್ತೆ ಚಕ್ಕುಲಿ ಜೋಡಿಸಿದೆ. ಯಾವ ಕಳ್ಳ ಚಕ್ಕುಲಿ ಎತ್ತಿ ನೋಡುತ್ತಾನೆ? ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಹೆಂಡತಿ ನಕ್ಕಾಳೆಂದು ಅವಳಿಗೆ ಹೇಳಲಿಲ್ಲ.

ಹೊರಡುವ ದಿನ ಬೆಳಿಗ್ಗೆ ತಕ್ಕಡಿ ಹೊರಬಂತು. ಹೌದು, ವಿಯೆಟ್ನಾಮಿಗೂ ಅದನ್ನು ಒಯ್ದಿದ್ದೆ. ಕಾಫಿಪುಡಿ, ಅರಗಿನ ಬಟ್ಟಲುಗಳು ಎಲ್ಲ ಸೇರಿ ಎರಡು ಕಿಲೋ ಹೆಚ್ಚಾಗಿತ್ತು. ನಾನು ಒಂದೊಂದನ್ನೇ ತಡಕಿ ಚಕ್ಕುಲಿ ಡಬ್ಬಿಯನ್ನು ಹೊರಗಿಟ್ಟೆ.

"ಇರಲಿ ಬಿಡ್ರೀ, ಬ್ಯಾಂಕಾಕಲ್ಲಿ ನಾಲ್ಕು ಗಂಟೆ ಕೂತ್ಕೋಬೇಕು, ಮಗು ತಿನ್ನತ್ತೆ" ಎಂದಳು ಹೆಂಡತಿ.

"ರೂಲ್ ಅಂದ್ರೆ ರೂಲ್. ಇದು ಖಲಾಸ್" ಎಂದೆ.

ಕೋಣೆ ಗುಡಿಸಲು ಬಂದ ಹೆಂಗಸಿನ ಕೈಗೆ ಡಬ್ಬಿಯನ್ನು ನಾನೇ ಇಟ್ಟೆ. ಆಕೆ ಎರಡೂ ಕೈ ಚಾಚಿ ತೆಗೆದುಕೊಂಡು ತಲೆ ಬಾಗಿಸಿದಳು. ಎಷ್ಟು ಉದಾರಿ ನಾನು ಎಂದು ಎದೆಯುಬ್ಬಿತು. ತೂಕದ ಗಡಿಬಿಡಿಯಲ್ಲಿ ಪಾಸ್‌ಪೋರ್ಟಿನ ನೆನಪು ಒಂದು ಕ್ಷಣಕ್ಕೂ ಸುಳಿಯಲಿಲ್ಲ. ಕಳ್ಳರಿಗೆಂದು ಬಚ್ಚಿಟ್ಟದ್ದು ನನಗೂ ಸಿಗದಷ್ಟು ಚೆನ್ನಾಗಿ ಬಚ್ಚಿಟ್ಟಾಗಿತ್ತು.

ಸಂಜೆಯ ವಿಮಾನಕ್ಕೆ ಎಲ್ಲರನ್ನೂ ಐದು ಗಂಟೆ ಮೊದಲೇ ವಿಮಾನ ನಿಲ್ದಾಣಕ್ಕೆ ಎಳೆದುಕೊಂಡು ಹೋದೆ. ಕೌಂಟರಿನಲ್ಲಿ ನರಪಿಳ್ಳೆ ಇರಲಿಲ್ಲ. ಹೊತ್ತು ಹೋಗಲೆಂದು ಫೈಲು ತೆರೆದೆ. ಟಿಕೆಟ್ ಇತ್ತು, ಹೋಟೆಲಿನ ರಸೀದಿ ಇತ್ತು, ನನ್ನ ಪಾಸ್‌ಪೋರ್ಟಿನ ಫೋಟೋಕಾಪಿ ಮೂರು ಪ್ರತಿ ಇತ್ತು. ಪಾಸ್‌ಪೋರ್ಟ್ ಇರಲಿಲ್ಲ. ಜೇಬು ತಡವಿದೆ, ಹೆಂಡತಿಯ ಕೈಚೀಲ ಕೊಡವಿದೆ. ಆಗ ಡಬ್ಬಿ ನೆನಪಾಯಿತು. ಅದರ ತಳದಲ್ಲಿ ಬಚ್ಚಿಟ್ಟದ್ದನ್ನು ಇಬ್ಬರಿಗೂ ಹೇಳಿದೆ.

"ಪಪ್ಪಾ, ಯೂ ಗೇವ್ ಇಟ್ ಟು ದಟ್ ಆಂಟಿ!" ಎಂದಳು ಮಗಳು, ಎಲ್ಲರಿಗೂ ಕೇಳುವಂತೆ.

ಆ ಪುಸ್ತಕದೊಳಗೆ ನಮ್ಮ ಇಡೀ ಸಂಸಾರ ಇತ್ತು. ಅಬುಧಾಬಿಯ ರೆಸಿಡೆನ್ಸ್ ವೀಸಾ ಅಂಟಿಸಿದ್ದು ಅದರಲ್ಲಿ. ಅದು ಹೋದರೆ ವಿಮಾನ ಹತ್ತಿಸುವುದಿಲ್ಲ, ಹೊಸದು ಮಾಡಿಸಿಕೊಂಡು ಬರುವ ತನಕ ಕೆಲಸ ಕಾಯುತ್ತದೆಂಬ ಭರವಸೆಯಿಲ್ಲ. ನೀವಿಬ್ಬರಾದರೂ ಹೊರಟುಬಿಡಿ ಎಂದೆ, ದೊಡ್ಡ ತ್ಯಾಗಿಯಂತೆ. "ಹೋಗಿ ಏನು ಮಾಡೋದು? ನಮ್ಮಿಬ್ಬರ ವೀಸಾ ಇರೋದೂ ನಿಮ್ಮ ಮೇಲೇ ಅಲ್ವಾ?" ಎಂದಳು. ಅವಳು ಕೂಗಾಡಲಿಲ್ಲ, ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ಗಡಿಯಾರ ನೋಡಿ, "ಹೋಗಿ ಬೇಗ. ಇನ್ನೂ ನಾಲ್ಕೂಮುಕ್ಕಾಲು ಗಂಟೆ ಇದೆ. ನಿಮ್ಮ ಹುಚ್ಚು ಇವತ್ತೊಂದು ದಿನ ಕೆಲಸಕ್ಕೆ ಬಂತು" ಎಂದಳು.

ಟ್ಯಾಕ್ಸಿ ಹತ್ತು ನಿಮಿಷದಲ್ಲಿ ದಟ್ಟಣೆಯಲ್ಲಿ ಸಿಕ್ಕಿಕೊಂಡಿತು. ಇಳಿದು, ಬಾಡಿಗೆಗೆ ಓಡಿಸುವ ಮೋಟರ್‌ಸೈಕಲ್ ಹತ್ತಿದೆ. ಒಂದು ವಾರದಿಂದ ಅದರ ಮೇಲೆ ಕೂರಬೇಕೆಂದು ಗೋಗರೆದ ಮಗಳಿಗೆ ನಾನು ಅಪಘಾತ, ಇನ್ಶೂರೆನ್ಸ್ ಎಂದೆಲ್ಲ ಹೆದರಿಸಿದ್ದೆ. ಈಗ ಮುಖ ಕಾಣದ ಸವಾರನ ಸೊಂಟವನ್ನು ಎರಡೂ ಕೈಯಲ್ಲಿ ತಬ್ಬಿ, ಕಣ್ಣುಮುಚ್ಚಿ, ರಾಯರೇ ರಾಯರೇ ಎನ್ನುತ್ತಾ ಹೋದೆ.

ಹೋಟೆಲಿನಲ್ಲಿ ಆಕೆ ಇರಲಿಲ್ಲ. ಪಾಳಿ ಮುಗಿಸಿ ಮನೆಗೆ ಹೋಗಿದ್ದಳು. ಕೌಂಟರಿನ ಯುವತಿ ನನ್ನ ಕತೆ ಕೇಳಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಒಂದು ಚೀಟಿಯಲ್ಲಿ ವಿಳಾಸವನ್ನೂ ಅವರ ಭಾಷೆಯಲ್ಲಿ ನನ್ನ ಅವಸ್ಥೆಯನ್ನೂ ಬರೆದುಕೊಟ್ಟಳು. ಅದೇ ಮೋಟರ್‌ಸೈಕಲ್ಲಿನಲ್ಲಿ ಎರಡು ಓಣಿ ದಾಟಿ, ತೆರೆದಿದ್ದ ಬಾಗಿಲೊಂದರ ಮುಂದೆ ನಿಂತೆ. ಗುರುತಿಲ್ಲದವರ ಮನೆಯ ಬಾಗಿಲಿಗೆ ಹೋಗಿ ನಿಂತದ್ದು ಜೀವನದಲ್ಲಿ ಅದೇ ಮೊದಲು.

ಒಂದೇ ಕೋಣೆಯ ಮನೆ. ಗೋಡೆಯ ಹಲಗೆಯ ಮೇಲೆ ಒಬ್ಬ ಮುದುಕರ ಫೋಟೋ, ಅದರ ಮುಂದೆ ಒಂದು ಬಟ್ಟಲು ಚಹಾ, ಮೂರು ಊದುಬತ್ತಿ. ನಡುವೆ ನಮ್ಮ ಸ್ಟೀಲ್ ಡಬ್ಬಿ, ಮುಚ್ಚಳ ತೆಗೆದು, ಚಕ್ಕುಲಿ ಕಾಣುವಂತೆ ಇಟ್ಟಿತ್ತು. ಆಕೆ ಚೀಟಿ ಓದಿದಳು, ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಊದುಬತ್ತಿಗಳ ಕಡೆ ಬೆರಳು ತೋರಿಸಿ, ಅಂಗೈಯನ್ನು ಕೆಳಗೆ ಒತ್ತಿ ಕೂರುವಂತೆ ಸನ್ನೆ ಮಾಡಿದಳು. ಅವು ಉರಿದು ಮುಗಿಯುವ ತನಕ ಇಟ್ಟದ್ದನ್ನು ತೆಗೆಯುವಂತಿಲ್ಲ. ಭಾಷೆ ಬೇಕಾಗಲಿಲ್ಲ, ನನಗೆ ಅರ್ಥವಾಯಿತು. ಕಾಗೆಗೆ ಕಾದು ನಿಂತವನಲ್ಲವೇ ನಾನು.

ಊದುಬತ್ತಿ ಇನ್ನೂ ಅರ್ಧದಷ್ಟಿತ್ತು. ಮೋಟು ಸ್ಟೂಲಿನ ಮೇಲೆ ಮೊಣಕಾಲು ಮಡಚಿ ಕೂತೆ. ಮೊದಲ ಹತ್ತು ನಿಮಿಷ ಗಡಿಯಾರ ನೋಡಿದೆ. ಊದುಬತ್ತಿಯ ಕಡೆ ಮೆಲ್ಲಗೆ ಗಾಳಿ ಊದಿದರೆ ಬೇಗ ಉರಿದೀತೇನೋ ಎಂಬ ಹೀನ ಯೋಚನೆಯೂ ಬಂತು. ಆಕೆ ಚಹಾ ತಂದಳು. ಫೋಟೋ ತೋರಿಸಿ, ತನ್ನ ಮುಖವನ್ನೂ ಅದರ ಮುಖವನ್ನೂ ಹೋಲಿಸುವಂತೆ ಕೈಯಾಡಿಸಿದಳು. ಅವಳ ಅಪ್ಪ. ಸಿಕ್ಕಿದ ತಿಂಡಿಯನ್ನು ತಾನು ಬಾಯಿಗೆ ಹಾಕುವ ಮೊದಲು ಅಪ್ಪನಿಗೆ ಇಟ್ಟಿದ್ದಳು. ನನ್ನ ಅಪ್ಪನಿಗೆ ಚಕ್ಕುಲಿ ಎಂದರೆ ಪ್ರಾಣ. ಹಲ್ಲು ಹೋದ ಮೇಲೂ ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದರು. ಅಬುಧಾಬಿಯ ನಮ್ಮ ಮನೆಯಲ್ಲಿ ಅವರ ಫೋಟೋ ಬಟ್ಟೆಯ ಬೀರುವಿನೊಳಗಿತ್ತು. ಗೋಡೆಗೆ ಮೊಳೆ ಹೊಡೆದರೆ ಮನೆ ಮಾಲೀಕ ಬೈಯುತ್ತಾನೆಂದು ಹೆಂಡತಿಗೆ ಹೇಳಿದ್ದೆ. ನಿಜ ಹೇಳಬೇಕೆಂದರೆ ಅವರ ಕಣ್ಣು ತಪ್ಪಿಸಲು ಹಾಗೆ ಮಾಡಿದ್ದೆ. ಆ ಸ್ಟೂಲಿನ ಮೇಲೆ ಕೂತಲ್ಲೇ ಅಳು ಬಂತು. ಆಕೆ ಪಾಸ್‌ಪೋರ್ಟಿಗಾಗಿ ಅಳುತ್ತಿದ್ದೇನೆ ಎಂದುಕೊಂಡು ನನ್ನ ಭುಜ ತಟ್ಟಿದಳು.

ಕೊನೆಯ ಬೂದಿ ಬಿದ್ದ ಮೇಲೆ ಆಕೆ ಕೈಮುಗಿದು ಡಬ್ಬಿ ಇಳಿಸಿದಳು. ಚಕ್ಕುಲಿ ತಟ್ಟೆಗೆ ಸುರಿದು, ಕಾಗದ ಎತ್ತಿದರೆ ಪಾಸ್‌ಪೋರ್ಟ್ ತಣ್ಣಗೆ ಮಲಗಿತ್ತು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಡಬ್ಬಿ ನಿಮಗೇ ಇರಲಿ ಎಂದು ಸನ್ನೆ ಮಾಡಿ ಹೊರಟೆ. ಆಕೆ ಓಡಿಬಂದು ನಾಲ್ಕು ಚಕ್ಕುಲಿಯನ್ನು ಅದೇ ಪತ್ರಿಕೆಯಲ್ಲಿ ಕಟ್ಟಿ ಕೈಗಿಟ್ಟಳು.

ವಿಮಾನ ಸಿಕ್ಕಿತು. ಬ್ಯಾಂಕಾಕಿನಲ್ಲಿ ಮಗಳು ಆ ನಾಲ್ಕನ್ನೂ ತಿಂದಳು. ದುಬೈಯಲ್ಲಿ ಇಳಿದು, ಪಾಸ್‌ಪೋರ್ಟಿನ ಮೇಲೆ ಠಪ್ ಎಂದು ಸೀಲು ಬಿದ್ದಾಗ ಮೂವರೂ ಒಟ್ಟಿಗೆ ಉಸಿರು ಬಿಟ್ಟೆವು. ಅಬುಧಾಬಿಗೆ ಹೋಗುವ ಟ್ಯಾಕ್ಸಿಯಲ್ಲಿ ಹೆಂಡತಿ, "ಇನ್ನು ಮೇಲೆ ಟೂರಿಗೆ ಹೋದಾಗ ನಿಮ್ಮದೂ ನನ್ನ ಕೈಚೀಲದಲ್ಲೇ ಇರತ್ತೆ" ಎಂದಳು.

ಮರುದಿನ ಕಚೇರಿಯಲ್ಲಿ ಪಿಆರ್‌ಓ ಪಾಸ್‌ಪೋರ್ಟ್ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದರು. "ಇದೆಂಥದು ಮಾರಾಯ್ರೆ, ಇಂಗಿನ ವಾಸನೆ ಬರ್ತದಲ್ಲ!" ಎಂದರು. ಕತೆ ಹೇಳಿದೆ. ಮೇಜು ಕುಟ್ಟಿ ನಕ್ಕು, ಅದನ್ನು ಕಪಾಟಿನಲ್ಲಿಟ್ಟು ಬೀಗ ತಿರುಗಿಸಿದರು. ಗುರುತಿಲ್ಲದ ಮನೆಗೆ ಹೋಗಿ ಕೇಳಿ ಬಂದವನಿಗೆ ಏನು ಧೈರ್ಯ ಬಂದಿತ್ತೋ, ಐದು ವರ್ಷದಿಂದ ಕೇಳದೆ ಇಟ್ಟುಕೊಂಡದ್ದನ್ನು ಕೇಳಿಬಿಟ್ಟೆ.

"ಈ ಕಪಾಟಿಗೆ ಇರೋದು ಒಂದೇ ಕೀನಾ?"

"ಇಲ್ಲಪ್ಪ, ಇನ್ನೊಂದು ಮ್ಯಾನೇಜರ್ ಮನೆಯಲ್ಲಿ ಉಂಟು. ಮೊದಲಿಂದಲೂ ಉಂಟು. ಅರ್ಜೆಂಟ್ ಇದ್ರೆ ಶುಕ್ರವಾರವೂ ಬಂದು ತೆಗೆದು ಕೊಡ್ತಾರೆ, ಒಂದು ಫೋನ್ ಮಾಡಿದ್ರೆ ಆಯ್ತು. ಯಾಕೆ ಕೇಳಿದ್ದು?"

"ಸುಮ್ನೆ" ಎಂದೆ.

ನನ್ನ ಜಾಗಕ್ಕೆ ಬಂದು ಕೂತೆ. ಅಪ್ಪ ಹೋದ ಆ ಗುರುವಾರ ಮಧ್ಯಾಹ್ನದಿಂದ ಶನಿವಾರ ಬೆಳಗಿನ ತನಕ ನಾನು ಫೋನಿನ ಪಕ್ಕದಲ್ಲೇ ಕೂತಿದ್ದೆ. ರಜೆಯ ದಿನ ದೊಡ್ಡವರಿಗೆ ತೊಂದರೆ ಕೊಡುವುದು ಹೇಗೆ ಎಂದು ಯಾರಿಗೂ ಫೋನ್ ಮಾಡಲಿಲ್ಲ. ಮ್ಯಾನೇಜರ್ ಮನೆಯ ನಂಬರು ಆಗಲೂ ನನ್ನ ಹತ್ತಿರ ಇತ್ತು. ದುಂಡಗಿನ ಅಕ್ಷರದಲ್ಲಿ, ಮೂರು ಕಡೆ ಬರೆದಿಟ್ಟಿದ್ದೆ.