ಕಣ್ಣಿಗೆ ಕಾಣದ ಮಂಡಿನೋವು

ಗೆಳೆಯರೇ, ಇವತ್ತು ನನಗೆ ಕಾಲು ಮುರಿದುಕೊಂಡ ಹುಡುಗನ ಮೇಲೆ ಹೊಟ್ಟೆಕಿಚ್ಚಾಯಿತು.

ಮಗಳ ಸಹಪಾಠಿ ಅವನು. ಅವನದು ಒಂದೇ ಎಕ್ಸ್‌ರೇಯಲ್ಲಿ ಗೊತ್ತಾಯಿತಂತೆ. ನನ್ನ ಮಗಳದು ಸಂಧಿವಾತವೆಂದು ತಿಳಿಯಲು ಯಲಹಂಕದಿಂದ ಹೆಬ್ಬಾಳದವರೆಗೆ ನಾಲ್ಕು ಡಾಕ್ಟರರನ್ನು ನೋಡಿದೆವು. ಬೆಳಗ್ಗೆ ಶಾಲೆಯಲ್ಲಿ ಟೀಚರ್ ಅವನ ಪ್ಲಾಸ್ಟರ್ ಮೇಲೆ ಹೂವಿನ ಚಿತ್ರ ಬರೆದು, ಲಿಫ್ಟಿಗೆ ಕರೆದೊಯ್ದರು. ಮಂಡಿ ಮಡಚಲಾರದೆ ನಿಂತಿದ್ದ ಇವಳಿಗೆ ಮೆಟ್ಟಿಲು ತೋರಿಸಿದರು.

"ಇವಳಿಗೂ ಲಿಫ್ಟ್ ಬೇಕು ಮೇಡಂ, ಆರ್ಥ್ರೈಟಿಸ್ ಇದೆ" ಎಂದೆ.

"ಆರ್ಥ್ರೈಟಿಸ್ ನಮ್ಮತ್ತೆಗಿರೋದು ಕಣ್ರೀ! ಇವಳು ಮಧ್ಯಾಹ್ನ ಚೆನ್ನಾಗೇ ಓಡಾಡ್ತಾಳಲ್ಲ?"

"ಬೆಳಗ್ಗೆ ಜಾಸ್ತಿ, ಆಮೇಲೆ ಕಮ್ಮಿ. ಈ ಕಾಯಿಲೆ ಇರೋದೇ ಹಂಗೆ."

ಅವರು ನಂಬಲಿಲ್ಲ. ಬರುವಾಗ ಮೆಡಿಕಲ್ ಸ್ಟೋರಿನಲ್ಲಿ ಡಾಕ್ಟರು ಬರೆದ ಮಾತ್ರೆಯ ಜೊತೆ ಉದ್ದನೆಯ ಬ್ಯಾಂಡೇಜೂ ಕೊಂಡೆ. ಮಾತ್ರೆ ಮಗಳ ನೋವಿಗೆ. ನಾಳೆ ಮಂಡಿಗೆ ಸುತ್ತುವ ಬ್ಯಾಂಡೇಜು ಟೀಚರ್ ಕಣ್ಣಿಗೆ.