ಭರತದ ಹೊತ್ತಿನ ಬಳಚು

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಘನಾಶಿನಿಯಿಂದ ಕುಮಟೆಗೆ ಬಂದು ಬಳಚು ಎಂಬ ಚಿಪ್ಪುಮೀನು ಮಾರುತ್ತಿದ್ದ ಆಕೆ ಒಂದೊಂದು ಚಿಪ್ಪನ್ನೂ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ನೋಡುತ್ತಿದ್ದಳು. ಸದ್ದು ಸರಿಯಿಲ್ಲದಿದ್ದರೆ "ಇದ್ರಲ್ಲಿ ಬರೀ ಕೆಸರು" ಎಂದು ಪಕ್ಕಕ್ಕೆ ಹಾಕುವಳು. ಗಿರಾಕಿ ಇಲ್ಲದಾಗ ಬುಟ್ಟಿಯ ಹಿಂದೆ ಕೂತು ಲೈಬ್ರರಿಯ ಕಾದಂಬರಿ ಓದುವಳು. ಹಾಗಾಗಿ ಶಾಲಾ ಮಾಸ್ತರನಾದ ನಾನು, ನನ್ನ ಮೊದಲ ಕಾದಂಬರಿಯ ಒಂದು ಪ್ರತಿಯನ್ನು ದೊಡ್ಡ ಮನಸ್ಸು ಮಾಡಿ ಆಕೆಗೂ ಕೊಟ್ಟಿದ್ದೆ.

ಆ ವರ್ಷದ ತಾಲೂಕು ಸಾಹಿತ್ಯ ಸಮ್ಮೇಳನದಲ್ಲಿ ಅದರ ಮೇಲೆ ಗೋಷ್ಠಿ ಇತ್ತು. ನಾನು ಹೊಸ ಜುಬ್ಬಾ ಹೊಲಿಸಿದ್ದೆ. ವಿಮರ್ಶಕರು ಹೊಗಳಿ ಮುಗಿಸಿ, ಪ್ರಶ್ನೆಗಳಿವೆಯೇ ಎಂದಾಗ ಎದ್ದು ನಿಂತವಳು ಆಕೆಯೊಬ್ಬಳೇ.

"ಮಾಸ್ತರ್ರೆ, ನಿಮ್ ಕತಿ ಹುಡುಗಿ ಭರತದ ಹೊತ್ತಿಗೆ, ನೀರು ಏರ್ದಾಗ, ಹೊಳಿಗೆ ಇಳ್ದು ಬಳಚು ಹೆಕ್ತಾಳಲ್ಲ, ಅದೆಂತಕ್ಕೆ? ನಾವೆಲ್ಲ ನೀರು ಇಳ್ದ ಮೇಲೆ ಹೆಕ್ಕೂದು."

ನಾನು ವಿಮರ್ಶಕರ ಕಡೆ ನೋಡಿದೆ. ವಿಮರ್ಶಕರೇ ಮೈಕು ಎಳೆದುಕೊಂಡು, ಭರತವೆಂದರೆ ಇಲ್ಲಿ ಅವಳ ಅಂತರಂಗದ ಉಬ್ಬರದ ಸಂಕೇತ ಎಂದು ವಿವರಿಸಿದರು.

"ಒಳಗಿಂದು ಇರ್ಲಿ," ಎಂದಳು ಆಕೆ. "ಹೊರಗಿನ ನೀರು ಕುತ್ತಿಗಿ ಮಟ ಬಂತಲ್ಲ, ಅದ್ಕೆಂತ ಮಾಡೂದು?"

ನಕ್ಕವರಲ್ಲಿ ನನ್ನ ಹೆಂಡತಿಯೂ ಇದ್ದಳು.

ಎರಡನೇ ಮುದ್ರಣದಲ್ಲಿ ನಾನು ನೀರು ಇಳಿಸಿದೆ. ಆ ಪ್ರತಿಯನ್ನೂ ಆಕೆಗೆ ಕೊಟ್ಟು, ವಾರ ಬಿಟ್ಟು ಹೋಗಿ ವಿಚಾರಿಸಿದೆ.

"ನೀರು ಸಮ ಆತು," ಎಂದಳು.

"ಕತೆ?"

ಆಕೆ ಪುಸ್ತಕವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಎರಡು ಸಲ ತಟ್ಟಿದಳು. ಆಮೇಲೆ ಪಕ್ಕಕ್ಕೆ ಹಾಕಿದ್ದ ಚಿಪ್ಪುಗಳ ಮೇಲೆ ಅದನ್ನು ಇಟ್ಟಳು.