ಎಡತೋಳಿನ ಕೆಂಪು ಹೊಲಿಗೆ

ಜೀಪು ಕಳಿಸಿದ್ದು ನಾನು. ಕಳಿಸಿಲ್ಲವೆಂದು ಪೊಲೀಸರ ಮುಂದೆ, ಆಮೇಲೆ ಕೋರ್ಟಿನಲ್ಲಿ ಹೇಳಿದವನೂ ನಾನೇ. ಕೊನೆಗಾದರೂ ನಿಜ ಹೇಳಿದನಲ್ಲ ಎಂದು ಕೊಪ್ಪದಲ್ಲಿ ಈಗಲೂ ಕೆಲವರು ನನ್ನನ್ನು ಹೊಗಳುತ್ತಾರೆ. ಆ ಹೊಗಳಿಕೆ ಕೇಳಿದರೆ ಮೈ ಉರಿಯುತ್ತದೆ—ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊಬೈಲು ನಮ್ಮ ಕಡೆ ಆಗಷ್ಟೇ ಕಾಲಿಟ್ಟಿದ್ದ ಕಾಲ. ನಾನು ಕಾಫಿ ತೋಟದ ಮಾಲೀಕ, ಕೊಪ್ಪದ ಒಂದು ವಾಲಿಬಾಲ್ ತಂಡದ ಮ್ಯಾನೇಜರ್ ಕೂಡ. ಮುತ್ತಿನಕೊಪ್ಪದ ರಮೇಶ ನರಸಿಂಹರಾಜಪುರದ ತಂಡಕ್ಕೆ ಆಡುತ್ತಿದ್ದ. ಅವನು ನೆಟ್ ಮೇಲೆ ಹಾರಿದರೆ ಎದುರಿನವರು ಕೈ ಚಾಚುವ ಬದಲು ತಲೆ ತಗ್ಗಿಸುತ್ತಿದ್ದರು. ಹೇಗೋ ಅವನನ್ನು ನಮ್ಮ ತಂಡಕ್ಕೆ ಒಪ್ಪಿಸಿದೆ. ನಮ್ಮಲ್ಲೊಂದು ಪದ್ಧತಿಯಿತ್ತು: ಹೊಸ ಆಟಗಾರನಿಗೆ ಗಾಡಿಯ ಜೊತೆಗೇ ತಂಡದ ಅಂಗಿ ಕಳಿಸಬೇಕು, ಅವನು ಮನೆಯಲ್ಲೇ ಅದನ್ನು ತೊಟ್ಟು ಬಂದು ಇಳಿಯಬೇಕು. ಅಂಗಿಗಳಿದ್ದ ಬೀರುವಿನ ಕೀಲಿ ನನ್ನೊಬ್ಬನ ಹತ್ತಿರವಿತ್ತು.

ರಮೇಶನನ್ನು ಕರೆತರಬೇಕಿದ್ದ ದಿನ ಬೆಳಿಗ್ಗೆ ಅಂಗಿ ಕೈಗೆ ಕೊಟ್ಟಾಗ ನನ್ನ ಜೀಪಿನ ಡ್ರೈವರ್ ಸುಬ್ಬಣ್ಣ ಅನುಮಾನಿಸುತ್ತ ನಿಂತ. "ಬ್ರೇಕ್ ಸರಿಯಾಗಿ ಹಿಡೀತಿಲ್ಲ ಅಣ್ಣ. ಅವ ಬಸ್ಸಿಗೇ ಬರ್ಲಿ."

"ನಮ್ಮ ತಂಡಕ್ಕೆ ಬರೋನು ಬಸ್ಸಲ್ಲಿ ಬರೋದೆಂತ ಮಾರಾಯ! ಹೋಗು ನೀನು."

ಈ ಮಾತು—ಇದೊಂದು ಮಾತು ಆಡದಿದ್ದರೆ...

ವಾಪಸು ಬರುವಾಗ ಇಳಿಜಾರಿನ ತಿರುವಿನಲ್ಲಿ ಜೀಪು ಉರುಳಿತು. ಸುಬ್ಬಣ್ಣನ ಕಾಲು ಮುರಿಯಿತು. ರಮೇಶ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಜೀಪಿನ ಇನ್ಶೂರೆನ್ಸ್ ಮುಗಿದು ಎಷ್ಟೋ ತಿಂಗಳಾಗಿತ್ತು. ಕಳಿಸಿದವನು ನಾನೆಂದಾದರೆ ಪರಿಹಾರವೆಲ್ಲ ನನ್ನ ತಲೆಗೇ. ಆಸ್ಪತ್ರೆಯಲ್ಲಿ ಅವನ ಬಟ್ಟೆಯ ಗಂಟನ್ನು ನನ್ನ ಕೈಗೆ ಕೊಟ್ಟರು. ಅದರೊಳಗಿಂದ ನಮ್ಮ ಹಳದಿ ಅಂಗಿಯನ್ನು ಎಳೆದು ಬಚ್ಚಿಟ್ಟುಕೊಂಡು, ಉಳಿದದ್ದನ್ನು ಅವನ ತಾಯಿ ಗಿರಿಜಮ್ಮನಿಗೆ ಕೊಟ್ಟೆ. ಡ್ರೈವರ್ ನನ್ನನ್ನು ಕೇಳದೆ ಜೀಪು ಒಯ್ದ ಎಂದು ಪೊಲೀಸರಿಗೆ ಹೇಳಿದೆ. ಸುಬ್ಬಣ್ಣ ನಿಜವನ್ನೇ ಹೇಳಿದ. ಆದರೆ ತೋಟದ ಮಾಲೀಕನ ಮಾತಿಗಿರುವ ತೂಕ ಡ್ರೈವರನ ಮಾತಿಗೆಲ್ಲಿ?

ಗಿರಿಜಮ್ಮ ಗಂಡನಿಲ್ಲದ, ಕೂಲಿ ಮಾಡುವ ಹೆಂಗಸು. ಆದರೂ ಪರಿಹಾರಕ್ಕೆ ಕೇಸು ಹಾಕಿದಳು. ಎರಡು ವರ್ಷ ಕೂಲಿ ಬಿಟ್ಟು ಬಸ್ಸು ಹತ್ತಿ ಕೋರ್ಟಿಗೆ ಬಂದಳು. ಜೀಪಿನ ಜೊತೆ ತಂಡದ ಅಂಗಿಯೂ ಬಂದಿತ್ತು, ಮಾಲೀಕರೇ ಕಳಿಸದಿದ್ದರೆ ಅಂಗಿ ಹೇಗೆ ಬರುತ್ತದೆ—ಅವಳ ವಾದ ಇಷ್ಟೇ. ನನ್ನ ವಕೀಲರು ನಗುತ್ತಲೇ ಕೇಳಿದರು, "ಆ ಅಂಗಿ ಎಲ್ಲಮ್ಮ?" ಒಂದಲ್ಲ, ಮೂರು ಸಲ.

ಮೂರನೇ ಸಲ ಅವಳು ತಲೆಯೆತ್ತಿದಳು. "ಎಲ್ಲಿದೆಯೋ ಗೊತ್ತಿಲ್ಲ ಸ್ವಾಮಿ. ಎಡತೋಳಿನ ಹೊಲಿಗೆ ಬಿಟ್ಟಿತ್ತು. ಜೀಪು ನಿಲ್ಸಿ ನಾನೇ ಹೊಲ್ದು ಕೊಟ್ಟೆ. ಹಳದಿ ನೂಲು ಮನೇಲಿರ್ಲಿಲ್ಲ, ಕೆಂಪಲ್ಲೇ ಹೊಲ್ದೆ."

ಮನೆಗೆ ಬಂದವನೇ ಬೀರು ತೆಗೆದೆ. ಬಚ್ಚಿಟ್ಟ ದಿನದಿಂದ ಆ ಅಂಗಿಯನ್ನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಎಡತೋಳಿನಲ್ಲಿ ಕೆಂಪು ನೂಲಿತ್ತು. ಅವಸರದ, ಸೊಟ್ಟ ಹೊಲಿಗೆ. ನನಗೆ ಹೇಳತೀರದಷ್ಟು ನಾಚಿಕೆಯಾಯಿತು.

ಮುಂದಿನ ವಾಯಿದೆಯಲ್ಲಿ ಅಂಗಿಯನ್ನು ನ್ಯಾಯಾಧೀಶರ ಮುಂದಿಟ್ಟು, ಬ್ರೇಕಿನ ಮಾತೂ ಸೇರಿ ಎಲ್ಲ ಹೇಳಿಬಿಟ್ಟೆ. ನನ್ನ ವಕೀಲರು ಫೈಲು ಮುಚ್ಚಿದರು. ಪರಿಹಾರ ಕೊಡಬೇಕಾದವನು ನಾನೇ ಎಂದು ತೀರ್ಪಾಯಿತು. ಕಾಫಿ ತೋಟದಲ್ಲಿ ಅರ್ಧ ಮಾರಿ ಕಟ್ಟಿದೆ.

ಆ ತೀರ್ಪಿನ ದಿನವನ್ನು ನೀವು ನೋಡಬೇಕಿತ್ತು! ಮುತ್ತಿನಕೊಪ್ಪದಿಂದ ಬಂದ ಹೆಂಗಸರು ಗಿರಿಜಮ್ಮನನ್ನು ತಬ್ಬಿಕೊಂಡು ಮೆಟ್ಟಿಲ ಮೇಲೇ ಅತ್ತರು, ನಕ್ಕರು. ಕಳ್ಳನೆಂಬ ಹೆಸರು ಕಳಚಿದ ಸುಬ್ಬಣ್ಣ ಊರುಗೋಲನ್ನು ಮೇಲೆತ್ತಿ, "ಗೆದ್ವಿ ಗಿರಿಜಕ್ಕಾ, ಗೆದ್ವಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಎಷ್ಟೋ ಪಂದ್ಯ ಗೆದ್ದಿದ್ದೇನೆ, ಅಂಥ ಗೆಲುವು ಕಂಡಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ—ಸೋತ ನನಗೂ ಖುಷಿಯಾಗಿತ್ತು.

ಆ ಖುಷಿಯಲ್ಲೇ ಕೈಮುಗಿದು ಅವಳ ಹತ್ತಿರ ಹೋದೆ. ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು.

"ಅಂಗಿ ಎಲ್ಲಿ ಅಂತ ಮೂರು ಸಲ ಕೇಳಿದ್ರು. ಮೂರು ಸಲಾನೂ ನೀವು ಅಲ್ಲೇ ಕೂತಿದ್ರಿ."

ಹೌದು. ಅಲ್ಲೇ ಕೂತಿದ್ದೆ.